ಮನೆಯಲ್ಲಿಡುವ ಜ್ವರ, ಗಾಡಿ ಹತ್ತಿಸುವ ಜ್ವರ

ಫ್ಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಸಲ ಏಳುತ್ತದೆ. ಮಳೆ ಹಿಡಿದ ಮೇಲೆ ಒಮ್ಮೆ, ಚೌತಿ ದಾಟುವವರೆಗೂ ಅದರ ಓಡಾಟ. ಚಳಿಯ ಕೊನೆಗೆ, ಜನವರಿಯಿಂದ ಮಾರ್ಚ್‌ವರೆಗೆ, ಇನ್ನೊಮ್ಮೆ. ಇವೆರಡೂ, ಜನ ಒಟ್ಟು ಸೇರುವ ಕಾಲವೇ. ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿಯುತ್ತಲೇ ಬೈತಖೋಲ, ತದಡಿಯ ಬೋಟುಗಳು ನೀರಿಗಿಳಿಯುತ್ತವೆ, ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಆಳುಗಳು ಮೈಗೆ ಮೈ ತಾಗಿಸಿ ಮಲಗುತ್ತಾರೆ. ಚೌತಿಗೆ ಮುಂಬಯಿ, ಗೋವೆಯಿಂದ ಮಕ್ಕಳು ಮೊಮ್ಮಕ್ಕಳು ಬಂದು ಅಜ್ಜ ಅಜ್ಜಿಯರ ತೊಡೆಯೇರುತ್ತಾರೆ. ಘಟ್ಟದ ಮೇಲೆ ಅಡಿಕೆ ಸುಲಿಯಲು ಹತ್ತಾರು ಜನ ಒಂದೇ ಜಗಲಿಯಲ್ಲಿ ಕೂರುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಫೆಬ್ರವರಿ–ಮಾರ್ಚ್‌ನಲ್ಲೇ ಬರುತ್ತದೆ. ವೈರಸ್ಸಿಗೆ ಬೇರೆ ಆಮಂತ್ರಣ ಪತ್ರಿಕೆ ಬೇಕಿಲ್ಲ.

ಬಹುಪಾಲು ಜನರಿಗೆ ಇದು ನಾಲ್ಕೈದು ದಿನ ಮಲಗಿಸಿ ಬಿಟ್ಟುಹೋಗುವ ಜ್ವರ. ಉಳಿದವರ ವಿಷಯದಲ್ಲಿ ನಮಗೊಂದು ತೊಡಕಿದೆ: ರಸ್ತೆ. ಕಾರವಾರದಲ್ಲಿ ಕ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಆದರೂ ಕೈಮೀರಿದ ರೋಗಿಯನ್ನು ಇಂದಿಗೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವೆಯ ಬಾಂಬೋಳಿಗೆ ಒಯ್ಯುತ್ತೇವೆ. ಮಳೆಗಾಲದಲ್ಲಿ ಆ ದಾರಿಯನ್ನೂ ನೆಚ್ಚುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ದೇವಿಮನೆ, ಅರಬೈಲು ಘಟ್ಟಗಳ ಮಾತಂತೂ ಕೇಳುವುದೇ ಬೇಡ.

ಹೀಗಾಗಿ ಇಲ್ಲಿ ಕಲಿಯಬೇಕಾದ ಜಾಣತನ ಇಷ್ಟು: ಮನೆಯಲ್ಲಿಡಬಹುದಾದ ಜ್ವರವನ್ನು ಊರೂರು ಸುತ್ತಿಸಬಾರದು, ಗಾಡಿ ಹತ್ತಿಸಬೇಕಾದ ಜ್ವರವನ್ನು ಕತ್ತಲಾಗುವವರೆಗೆ ಮನೆಯಲ್ಲಿಟ್ಟುಕೊಳ್ಳಬಾರದು. ನಾನು ಡಾಕ್ಟರಲ್ಲ, ಕುಮಟೆಯ ಔಷಧಿ ಅಂಗಡಿಯೊಂದರ ಕೌಂಟರಿನ ಹಿಂದೆ ಆಯುಷ್ಯದ ಬಹುಭಾಗ ಕಳೆದವನು. ಈ ಎರಡೂ ಬಗೆಯವರು ದಿನಾ ಬರುತ್ತಿದ್ದರು.

ಮಳೆಗೆ ಮೊದಲೇ ಮಾಡಿಡುವ ಕೆಲಸ

ಮಳೆಗಾಲಕ್ಕೆಂದು ಕಟ್ಟಿಗೆ, ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ಕೂಡಿಡುವ ಮನೆಗಳಲ್ಲಿ ಥರ್ಮಾಮೀಟರ್ ಒಂದು ಇರುವುದಿಲ್ಲ. ಹಣೆ ಮುಟ್ಟಿ ನೋಡಿ “ಕೆಂಡದಂತೆ ಸುಡುತ್ತಿದೆ” ಎನ್ನುವುದು ಡಾಕ್ಟರಿಗೆ ಏನನ್ನೂ ತಿಳಿಸುವುದಿಲ್ಲ. “ನಿನ್ನೆ ಸಂಜೆ 102, ಇಂದು ಬೆಳಗ್ಗೆ 100” ಎನ್ನುವುದು ಬಹಳಷ್ಟು ತಿಳಿಸುತ್ತದೆ. ಆದ್ದರಿಂದ ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್. ಅದರ ಜೊತೆಗೆ ಪ್ಯಾರಾಸಿಟಮಾಲ್‌ನ ಒಂದು ಸ್ಟ್ರಿಪ್, ಮಗುವಿದ್ದರೆ ಅದರ ಸಿರಪ್, ನಾಲ್ಕಾರು ಓಆರ್‌ಎಸ್ ಪೊಟ್ಟಣ. ಓಆರ್‌ಎಸ್ ಎಂದರೆ ನೀರಿಗೆ ಕದಡುವ ಪುಡಿ. ಡಬ್ಬದಲ್ಲಿ ಆ ಹೆಸರಿಟ್ಟುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳು ಆ ಹೆಸರು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡಿದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್, ಕೋವಿಡ್ ಕಾಲದಲ್ಲಿ ಕೊಂಡದ್ದು, ಕಪಾಟಿನಲ್ಲಿ ಇದ್ದೀತು. ತೆಗೆದು ಸೆಲ್ ಸೋರಿಲ್ಲವೇ ನೋಡಿ. ವಯಸ್ಸಾದವರು, ದಮ್ಮಿನವರು ಇರುವ ಮನೆಗೆ ಅದು ನಿಜಕ್ಕೂ ಉಪಯೋಗದ ವಸ್ತು.

ಇನ್ನೊಂದು ಕೆಲಸಕ್ಕೆ ಕಾಸು ಬೇಡ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ: ಊರಿನ ಆಶಾ ಕಾರ್ಯಕರ್ತೆಯ ಮೊಬೈಲ್ ಸಂಖ್ಯೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಖ್ಯೆ, ರಾತ್ರಿ ಕರೆದರೆ ಬರುವ ಇಬ್ಬರು ರಿಕ್ಷಾದವರ ಸಂಖ್ಯೆ, ಆಂಬುಲೆನ್ಸಿನ 108. ಅದರ ಕೆಳಗೆ, ಮನೆಯ ಹಿರಿಯರು ದಿನವೂ ನುಂಗುವ ಮಾತ್ರೆಗಳ ಹೆಸರು. ಕಾಡಂಚಿನ ಒಂಟಿ ಮನೆಯವರು, ಮೊಬೈಲ್ ಸಿಗ್ನಲ್ ಯಾವ ಗುಡ್ಡ ಹತ್ತಿದರೆ ಸಿಗುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಗೆ ರೋಗಿಯನ್ನು ಯಾರು ಹೊರುತ್ತಾರೆ ಎಂಬುದನ್ನೂ ಈಗಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ರೇಷನ್ ಕಾರ್ಡ್, ಆಧಾರ್ ಪ್ರತಿ ಮತ್ತು ಆಯುಷ್ಮಾನ್ ಕಾರ್ಡ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಕಾರವಾರದ ಕಡೆಯವರು ಗೋವೆಗೆ ಹೋಗುವುದು ರೂಢಿಯಾದ್ದರಿಂದ, ಅಲ್ಲಿ ನಮ್ಮ ರಾಜ್ಯದ ಕಾರ್ಡ್ ನಡೆಯುತ್ತದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಬೇಕು.

ಲಸಿಕೆಯ ಮಾತು. ಫ್ಲೂ ವೈರಸ್ ವೇಷ ಬದಲಿಸುತ್ತಿರುತ್ತದೆ, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯ ತಳಿಗಳನ್ನು ಹೊಸದಾಗಿ ಆರಿಸುತ್ತದೆ. ಹೋದ ವರ್ಷದ ಚುಚ್ಚುಮದ್ದು ಈ ವರ್ಷಕ್ಕೆ ಸಾಲದು. ಮೈಯಲ್ಲಿ ರಕ್ಷಣೆ ಬೆಳೆಯಲು ಎರಡು ವಾರ ಬೇಕು; ಆದ್ದರಿಂದ ನಮ್ಮ ಕರಾವಳಿಗೆ ಮಳೆ ಶುರುವಾಗುವ ಮೊದಲೇ ಹಾಕಿಸಿಕೊಳ್ಳುವುದು ಸರಿ. 65 ದಾಟಿದವರು, ಗರ್ಭಿಣಿಯರು, ಆರು ತಿಂಗಳಿಂದ ಐದು ವರ್ಷದ ಮಕ್ಕಳು, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರಲ್ಲಿ ಕೇಳಲೇಬೇಕು. ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ಕೈಯಿಂದ ಖರ್ಚಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಹಾಕಿಸುವಷ್ಟು ದುಡ್ಡಿದ್ದರೆ ದಮ್ಮಿನ ಅಜ್ಜಿಗೆ ಹಾಕಿಸಿ, ಗಟ್ಟಿಮುಟ್ಟಾದ ಮಗನಿಗಲ್ಲ.

ಮೊದಲ ದಿನ: ಇದು ಯಾವ ಜ್ವರ?

ನೆಗಡಿ ಮೆಲ್ಲಗೆ ಬರುತ್ತದೆ: ಮೂಗು ಸೋರುತ್ತದೆ, ಸೀನು, ಗಂಟಲ ಕೆರೆತ, ಜ್ವರ ಇದ್ದರೂ ಅಲ್ಪ. ಫ್ಲೂ ಹಾಗಲ್ಲ. ಬೆಳಗ್ಗೆ ತೋಟಕ್ಕೆ ಹೋದವನು ಮಧ್ಯಾಹ್ನ ಕಂಬಳಿ ಕೇಳುತ್ತಾನೆ. ಚಳಿ, 101–103 ಡಿಗ್ರಿ ಜ್ವರ, ತಲೆನೋವು, ಸೊಂಟ ಕಾಲು ಸಿಡಿತ, ಒಣಕೆಮ್ಮು, ಊಟ ಬೇಡವೆನ್ನುವುದು. ಸೋಂಕು ತಗುಲಿ ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ, ಶಾಲೆಯಲ್ಲಿ ಒಬ್ಬರ ಹಿಂದೊಬ್ಬರು ಮಲಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಅಷ್ಟಕ್ಕೇ ತೀರ್ಮಾನಕ್ಕೆ ಬರುವಂತಿಲ್ಲ. ಕೆಮ್ಮು, ಗಂಟಲುನೋವು, ನೆಗಡಿ ಯಾವುದೂ ಇಲ್ಲದೆ ಬರಿಯ ಜ್ವರ ಮತ್ತು ಮೈನೋವು ಬಂದರೆ “ಫ್ಲೂ ಇರಬೇಕು” ಎಂದು ಸುಮ್ಮನಾಗುವುದು ಇಲ್ಲಿ ಅಪಾಯ. ಮೂರು ಹೆಸರುಗಳು ನೆನಪಿರಲಿ.

ಮೊದಲನೆಯದು ಡೆಂಗಿ. ಕಣ್ಣಿನ ಹಿಂದೆ ನೋವು, ವಾಂತಿ, ಮೈಮೇಲೆ ಕೆಂಪು ದದ್ದು. ಇದರ ಕಪಟವೆಂದರೆ, ಜ್ವರ ಇಳಿಯುವ ದಿನಗಳಲ್ಲೇ ರೋಗ ಬಿಗಡಾಯಿಸಬಹುದು. ಜ್ವರ ಬಿಟ್ಟಿತೆಂದು ಮನೆಯವರು ನಿರಾಳವಾಗುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಮಾಡಿಸಿದರೆ ಹೆಚ್ಚು ಪ್ರಯೋಜನ. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. 2024ರಲ್ಲಿ ರಾಜ್ಯ ಸರಕಾರ ಖಾಸಗಿ ಲ್ಯಾಬುಗಳಿಗೂ ಈ ಪರೀಕ್ಷೆಗೆ 300 ರೂಪಾಯಿಯ ಮಿತಿ ಹಾಕಿತ್ತು.

ಎರಡನೆಯದು ಇಲಿ ಜ್ವರ. ನಾಟಿಯ ಗದ್ದೆಯಲ್ಲಿ, ತೋಟದ ಕಾಲುವೆಯಲ್ಲಿ, ನೆರೆಯ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ, ಅದರಲ್ಲೂ ಕಾಲಲ್ಲಿ ಗಾಯ ಬಿರುಕು ಇದ್ದವರಿಗೆ ತಗುಲುತ್ತದೆ. ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಮುಂದುವರಿದರೆ ಕಣ್ಣು ಹಳದಿ, ಮೂತ್ರ ಕಡಿಮೆ. ಇದು ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಆಂಟಿಬಯಾಟಿಕ್ ಬೇಕೇ ಬೇಕು, ಅದೂ ಬೇಗ. ಮೂತ್ರಪಿಂಡಕ್ಕೆ ಇಳಿದ ಮೇಲೆ ಹೋದರೆ ಡಯಾಲಿಸಿಸ್‌ವರೆಗೂ ಹೋಗುತ್ತದೆ.

ಮೂರನೆಯದು ಮಂಗನ ಕಾಯಿಲೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಇದು ಸಿದ್ದಾಪುರ, ಹೊನ್ನಾವರ, ಶಿರಸಿ, ಕುಮಟಾ ಕಡೆಯ ಕಾಡಿನ ಊರುಗಳಿಗೆ ಹೊಸದಲ್ಲ. ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ಎರಡನೆಯ ಫ್ಲೂ ಕಾಲದಲ್ಲೇ ಬರುತ್ತದೆ. ಹರಡುವುದು ಉಣುಗಿನಿಂದ (ಉಣ್ಣೆ ಹುಳದಿಂದ). ದರಕು (ತರಗೆಲೆ) ಗುಡಿಸಲು, ಸೊಪ್ಪು ಕಟ್ಟಿಗೆ ತರಲು, ದನ ಹುಡುಕಲು ಕಾಡಿಗೆ ಹೋದವರಿಗೆ ಒಮ್ಮೆಲೇ ಜ್ವರ, ಸಹಿಸಲಾಗದ ತಲೆನೋವು ಮೈನೋವು, ವಾಂತಿ ಭೇದಿ ಬಂದರೆ, ಅದರಲ್ಲೂ ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ, ಆರೋಗ್ಯ ಕೇಂದ್ರಕ್ಕೆ ಅದೇ ದಿನ ಹೋಗಿ ರಕ್ತ ಕೊಡಬೇಕು. ಒಮ್ಮೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರಳಿ ಬರುವುದೂ ಇದರ ಗುಣ.

ಈ ಮೂರರ ಕಾರಣಕ್ಕಾಗಿಯೇ ನನ್ನ ಬಲವಾದ ಮಾತು: ಜ್ವರ ಯಾವುದೆಂದು ತಿಳಿಯುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ನುಂಗಬೇಡಿ. ಡೆಂಗಿಯಿದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಹೃದಯಕ್ಕೆಂದು ಡಾಕ್ಟರ್ ಕೊಟ್ಟ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಮನೆಯಲ್ಲಿಟ್ಟ ರೋಗಿಗೆ

ಕೆಮ್ಮು ನೆಗಡಿಯೊಂದಿಗೆ ಜ್ವರ ಬಂದಿದೆ, ಉಸಿರಾಟ ಸರಿ ಇದೆ, ನೀರು ಗಂಜಿ ಒಳಗೆ ಹೋಗುತ್ತಿದೆ, ರೋಗಿ ಗಟ್ಟಿಮುಟ್ಟಾದ ವಯಸ್ಸಿನವ ಎಂದಾದರೆ ಮನೆಯೇ ಸಾಕು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ತಳಿ ದೇಶದ ತುಂಬ ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘ ಹೇಳಿದ್ದೂ ಇದನ್ನೇ: ಜ್ವರ ಮೂರು ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮೂರು ವಾರದವರೆಗೂ ಉಳಿಯಬಹುದು, ಲಕ್ಷಣಕ್ಕೆ ತಕ್ಕ ಔಷಧಿ ಕೊಡಿ, ಆಂಟಿಬಯಾಟಿಕ್ ಬೇಡ.

ಮುಖ್ಯ ಔಷಧಿ ಪ್ಯಾರಾಸಿಟಮಾಲ್. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂನ ಒಂದು ಮಾತ್ರೆ, ಎರಡರ ನಡುವೆ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಮೀರಬಾರದು. ಯಕೃತ್ತಿನ ತೊಂದರೆಯವರು, ದಿನಾ ಕುಡಿಯುವವರು ಕೇಳಿಯೇ ತೆಗೆದುಕೊಳ್ಳಬೇಕು. ಬೋಟಿನವರಲ್ಲಿ ಒಂದು ನಂಬಿಕೆ ಇದೆ, ರಮ್ಮಿಗೆ ಕಾಳುಮೆಣಸಿನ ಪುಡಿ ಹಾಕಿ ಕುಡಿದರೆ ಜ್ವರ ಓಡುತ್ತದೆಂದು. ಜ್ವರ ಓಡುವುದಿಲ್ಲ. ಮೇಲಿಂದ ಎರಡು ಮಾತ್ರೆಯನ್ನೂ ನುಂಗಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಗೊತ್ತಿಲ್ಲದೆ ದುಪ್ಪಟ್ಟು ನುಂಗುವುದೇ ಹೆಚ್ಚು. ‘ನೆಗಡಿಯ ಮಾತ್ರೆ’ ಎಂದು ಸಿಗುವ ಹೆಚ್ಚಿನವುಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಜ್ವರಕ್ಕೆ ಒಂದು, ನೆಗಡಿಗೆ ಒಂದು, ಮೈನೋವಿಗೆ ಮತ್ತೊಂದು ಎಂದು ಮೂರು ಬಣ್ಣದ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡವನು ಒಂದೇ ಔಷಧಿಯನ್ನು ಮೂರು ಸಲ ನುಂಗುತ್ತಿರಬಹುದು. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರವನ್ನು ಓದಿ, ಕಾಣದಿದ್ದರೆ ಅಂಗಡಿಯವನಿಂದ ಓದಿಸಿ. ಆ ನೆಗಡಿ ಮಾತ್ರೆಗಳಲ್ಲಿ ಬಿಪಿ ಏರಿಸುವ ಫಿನೈಲೆಫ್ರಿನ್, ನಿದ್ದೆ ಬರಿಸುವ ಕ್ಲೋರ್‌ಫೆನಿರಮೈನ್ ಕೂಡ ಇರುತ್ತವೆ. ಬಿಪಿಯವರಿಗೂ ಬೈಕ್ ಓಡಿಸುವವರಿಗೂ ಅವು ತಕ್ಕವಲ್ಲ.

ಮಕ್ಕಳ ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಪ್ರತಿ ಕಿಲೋಗೆ ಒಂದು ಸಲಕ್ಕೆ 15 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ನಾಲ್ಕು ಸಲ. ಹತ್ತು ಕಿಲೋದ ಮಗುವಿಗೆ 150 ಮಿಲಿಗ್ರಾಂ ಆಯಿತು. ಸಿರಪ್ಪುಗಳ ಗಟ್ಟಿತನ ಒಂದೇ ಅಲ್ಲ. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಬಾಟಲಿಯಾದರೆ ಅದು ಸುಮಾರು 6 ಮಿಲಿ. 250 ಇರುವ ಬಾಟಲಿಯಾದರೆ ಬರೀ 3 ಮಿಲಿ. ಹನಿಯಾಗಿ ಕೊಡುವ ಡ್ರಾಪ್ಸ್ ಇನ್ನೂ ಗಟ್ಟಿ. ಅಕ್ಕನ ಮನೆಯಿಂದ ತಂದ ಬಾಟಲಿಯಿಂದ ನಮ್ಮ ಮನೆಯ ಅಳತೆಯಲ್ಲಿ ಕುಡಿಸುವಾಗ ತಪ್ಪುವುದು ಇಲ್ಲೇ. ಅಡುಗೆಮನೆಯ ಚಮಚ ಬಿಡಿ, ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ. ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಮುಟ್ಟಿದರೆ ಮನೆಯ ಮದ್ದಿನ ಮಾತೇ ಇಲ್ಲ, ನೇರ ಡಾಕ್ಟರ್. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ನಿಮೆಸುಲೈಡ್ 12 ವರ್ಷದೊಳಗಿನವರಿಗೆ ದೇಶದಲ್ಲಿ ನಿಷಿದ್ಧ. ಕೆಮ್ಮಿನ ಸಿರಪ್ ಎರಡು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ, ಐದರವರೆಗೂ ಡಾಕ್ಟರ್ ಹೇಳದೆ ಬೇಡ. ವರ್ಷ ದಾಟಿದ ಮಗುವಿನ ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನು ಕೊಡಬಹುದು. ವರ್ಷದೊಳಗಿನ ಶಿಶುವಿಗೆ ಜೇನು ವಿಷವಾದೀತು.

ಇನ್ನು ಅಡುಗೆಮನೆ. ಕುಚ್ಚಲಕ್ಕಿ ಗಂಜಿಗೆ ಉಪ್ಪು, ತುಸು ತುಪ್ಪ. ಜೊತೆಗೆ ದೊಡ್ಡಪತ್ರೆಯ ತಂಬುಳಿಯೋ ಬಿಸಿ ಸಾರೋ. ಜ್ವರದ ನಾಲಗೆಗೆ ಇದಕ್ಕಿಂತ ಹಿತವಾದದ್ದಿಲ್ಲ, ನೀರೂ ಉಪ್ಪೂ ಮೈಗೆ ಸೇರುತ್ತವೆ. ಎಳನೀರು, ಮುರುಗಲಿನ ಪಾನಕ, ಓಆರ್‌ಎಸ್, ಯಾವುದಾದರೂ ಸರಿ, ಮೂತ್ರ ತಿಳಿಯಾಗಿ ಹೋಗುವಷ್ಟು ಕುಡಿಯಬೇಕು. ಸಕ್ಕರೆ ಕಾಯಿಲೆಯವರು ಪಾನಕ ಬಿಡಲಿ. ಮೂತ್ರಪಿಂಡದ ರೋಗಿಗಳು ಎಳನೀರು ಕುಡಿಯುವ ಮೊದಲು ಡಾಕ್ಟರನ್ನು ಕೇಳಲಿ. ಕೊತ್ತಂಬರಿ, ಜೀರಿಗೆ, ಶುಂಠಿ, ಕಾಳುಮೆಣಸಿನ ಕಷಾಯಕ್ಕೆ ನನ್ನ ತಕರಾರಿಲ್ಲ. ಗಂಟಲಿಗೆ ಹಾಯೆನಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ಖಾಲಿ ಹೊಟ್ಟೆಗೆ ಖಾರ ಹೆಚ್ಚಿಸಿಕೊಂಡು ಎದೆಯುರಿ ತರಿಸಿಕೊಂಡವರಿಗೆ ಗ್ಯಾಸಿನ ಮಾತ್ರೆ ಮಾರಿದ್ದು ನೆನಪಿದೆ. ಕುದಿನೀರಿನ ಪಾತ್ರೆಯೆದುರು ಮಗುವನ್ನು ಕೂರಿಸಿ ಹಬೆ ಹಿಡಿಸುವುದನ್ನು ಮಾತ್ರ ನಿಲ್ಲಿಸಿ, ಪಾತ್ರೆ ಮಗುಚಿದರೆ ಸುಟ್ಟ ಗಾಯ ಫ್ಲೂಗಿಂತ ಕಷ್ಟದ್ದು.

ಕೇಳಿ ಪಡೆಯಬಾರದ ಮೂರು

“ಅಣ್ಣಾ, ಹೋದ ಸಲ ಕೊಟ್ಟದ್ದೇ ಕೊಡಿ” ಎನ್ನುತ್ತ ಹರಿದ ಸ್ಟ್ರಿಪ್ಪಿನ ಒಂದು ತುಂಡನ್ನು ಗಾಜಿನ ಮೇಲಿಡುತ್ತಾರೆ. ಹೆಸರು ಅರ್ಧ ಹರಿದುಹೋಗಿರುತ್ತದೆ, ಉದ್ದಕ್ಕೂ ಎಳೆದ ಕೆಂಪು ಗೆರೆ ಮಾತ್ರ ಉಳಿದಿರುತ್ತದೆ. ಆ ಕೆಂಪು ಗೆರೆಯ ಅರ್ಥ, ಡಾಕ್ಟರ ಚೀಟಿಯಿಲ್ಲದೆ ಇದನ್ನು ಕೊಡಬಾರದು, ಕೊಳ್ಳಲೂಬಾರದು ಎಂದು. ತುಂಡು ಹೆಚ್ಚಾಗಿ ಅಜಿತ್ರೋಮೈಸಿನ್‌ನದು. “ಮೂರು ಸಾಕು, ಹೋದ ಸಲ ಮೂರಕ್ಕೇ ಗುಣವಾಗಿತ್ತು” ಎಂಬ ಸಾಕ್ಷ್ಯವೂ ಜೊತೆಗಿರುತ್ತದೆ. ಗುಣವಾದದ್ದು ನಿಜ, ಏಕೆಂದರೆ ಮೂರನೆಯ ದಿನಕ್ಕೆ ಫ್ಲೂ ಜ್ವರ ಹೇಗೂ ಇಳಿಯುತ್ತದೆ. ಆಂಟಿಬಯಾಟಿಕ್ ವೈರಸ್ಸಿನ ಕೂದಲನ್ನೂ ಕೊಂಕಿಸಲಾರದು. ಬದಲಿಗೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿಯಾಗುತ್ತದೆ, ಬದುಕಿ ಉಳಿದವು ಔಷಧಿಗೆ ಬಗ್ಗದಂತಾಗುತ್ತವೆ. ನಾಳೆ ಇಲಿ ಜ್ವರವೋ ನ್ಯುಮೋನಿಯವೋ ಬಂದಾಗ ಬೇಕಾಗುವ ಅಸ್ತ್ರವನ್ನು ನೆಗಡಿಗೆ ಖರ್ಚು ಮಾಡಿದಂತೆ. ಡಾಕ್ಟರ್ ಪರೀಕ್ಷಿಸಿ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ, ಹೇಳಿದಷ್ಟು ದಿನ ಪೂರ್ತಿ ನುಂಗಿ.

ಎರಡನೆಯದು ಇಂಜೆಕ್ಷನ್. “ಒಂದು ಸೂಜಿ ಹಾಕಿಬಿಡಿ ಡಾಕ್ಟರೇ, ನಾಳೆ ಕೆಲಸಕ್ಕೆ ಹೋಗಬೇಕು” ಎಂದು ಬೇಡುವವರು ಇರುವವರೆಗೆ ಹಾಕುವವರೂ ಇರುತ್ತಾರೆ. ಹೆಸರು ತಿಳಿಯದ ಸೂಜಿಯಲ್ಲಿ ಡೈಕ್ಲೊಫೆನಾಕ್ ಇರಬಹುದು, ಸ್ಟೆರಾಯ್ಡ್ ಇರಬಹುದು. ಸ್ಟೆರಾಯ್ಡ್ ಬಿದ್ದರೆ ಎರಡು ದಿನ ಲವಲವಿಕೆ, ಒಳಗೆ ಸೋಂಕು ಮುಂದುವರಿಯುತ್ತದೆ, ಸಕ್ಕರೆ ಏರುತ್ತದೆ. ಹೆಸರಿಲ್ಲದೆ ಪೊಟ್ಟಣ ಕಟ್ಟಿಕೊಡುವ ಮಾತ್ರೆಗಳಿಗೂ ಇದೇ ಮಾತು. ಕೊಟ್ಟದ್ದು ಏನೆಂದು ಬರೆದುಕೊಡದವರ ಔಷಧಿ ಬೇಡ. ಮೂರನೆಯದು ಸಲಾಯಿನ್. ಬಾಯಲ್ಲಿ ಕುಡಿಯಲಾಗುವವರಿಗೆ ರಕ್ತನಾಳದ ಮೂಲಕ ಉಪ್ಪುನೀರು ಏರಿಸುವ ಅಗತ್ಯವಿಲ್ಲ.

ಫ್ಲೂಗೆ ಔಷಧಿಯೇ ಇಲ್ಲವೆಂದು ತಿಳಿಯಬೇಡಿ. ಒಸೆಲ್ಟಮಿವಿರ್ ಇದೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ತೊಡಗಿದರೆ ಅದರ ಪ್ರಯೋಜನ ಹೆಚ್ಚು. ಅದು ಎಲ್ಲರಿಗೂ ಬೇಡ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ: ಸೌಮ್ಯ ಲಕ್ಷಣದ ಎ ವರ್ಗಕ್ಕೆ ಈ ಔಷಧಿಯೂ ಬೇಡ, ಗಂಟಲ ದ್ರವದ ಪರೀಕ್ಷೆಯೂ ಬೇಡ, ಬಿ ವರ್ಗದಲ್ಲಿ ಬರುವ ಗರ್ಭಿಣಿ, ವೃದ್ಧರು, ಚಿಕ್ಕ ಮಕ್ಕಳು, ದೀರ್ಘ ಕಾಯಿಲೆಯವರಿಗೆ ಔಷಧಿ ಬೇಕಾಗುತ್ತದೆ, ಉಸಿರಾಟ ಕಷ್ಟವಾದ ಸಿ ವರ್ಗ ಆಸ್ಪತ್ರೆಯಲ್ಲೇ ಇರಬೇಕು. ಆದ್ದರಿಂದ ಮನೆಯಲ್ಲಿ ಬಸುರಿ ಇದ್ದರೆ, ದಮ್ಮಿನ ಅಜ್ಜ ಇದ್ದರೆ “ಎರಡು ದಿನ ನೋಡೋಣ” ಎನ್ನುವುದು ಸಲ್ಲದು. ಆ ಎರಡು ದಿನಗಳಲ್ಲೇ ಔಷಧಿ ಕೆಲಸ ಮಾಡಬೇಕಾದದ್ದು.

ಗಾಡಿ ಹತ್ತಿಸುವ ಲಕ್ಷಣ

ದೊಡ್ಡವರಲ್ಲಿ: ಕುಳಿತಲ್ಲೇ ಏದುಸಿರು, ಒಂದು ವಾಕ್ಯ ಮುಗಿಸಲಾಗದಿರುವುದು, ಎದೆನೋವು, ಕಫದಲ್ಲಿ ರಕ್ತ, ತುಟಿ ಉಗುರು ನೀಲಿ, ಮಾತು ತೊದಲುವುದು ಅಥವಾ ಮಂಪರು, ನಿಂತರೆ ಕಣ್ಣು ಕತ್ತಲೆ, ಮೂತ್ರವೇ ಬಾರದಿರುವುದು, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ. ಉಗುರಿನ ಬಣ್ಣ ಅಳಿಸಿ, ಮದರಂಗಿ ಇಲ್ಲದ ಬೆರಳನ್ನು ಬೆಚ್ಚಗೆ ಮಾಡಿಕೊಂಡು ಅಳೆಯಿರಿ.

ಮಕ್ಕಳಲ್ಲಿ ಉಸಿರು ಎಣಿಸುವುದು ಕಲಿಯಬೇಕಾದ ವಿದ್ಯೆ. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ನ್ಯುಮೋನಿಯದ ಸೂಚನೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಇವು ಯಾವುದಿದ್ದರೂ ಹೊರಡಿ.

ಜ್ವರ ಮೂರು ದಿನ ದಾಟಿದರೂ ಇಳಿಯದಿದ್ದರೆ, ಇಳಿದು ಒಂದೆರಡು ದಿನ ಚೆನ್ನಾಗಿದ್ದು ಮತ್ತೆ ಏರಿದರೆ, ಬೇರೇನೂ ಲಕ್ಷಣ ಇಲ್ಲದಿದ್ದರೂ ತೋರಿಸಬೇಕು. ಫ್ಲೂ ಬಿಟ್ಟ ಬೆನ್ನಿಗೆ ಬ್ಯಾಕ್ಟೀರಿಯಾದ ನ್ಯುಮೋನಿಯ ಬರುವುದು ಹೀಗೆಯೇ.

ಈಗ ಹೊತ್ತಿನ ಮಾತು. ಸಂದೇಹವಿದ್ದರೆ ಮಧ್ಯಾಹ್ನದೊಳಗೆ ತೀರ್ಮಾನ ಮಾಡಿ. ಬೆಳಗ್ಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇರುತ್ತಾರೆ, ಲ್ಯಾಬ್ ತೆರೆದಿರುತ್ತದೆ, ಬಸ್ಸಿರುತ್ತದೆ. ಮಳೆ ಸುರಿಯುವ ರಾತ್ರಿ ಹನ್ನೊಂದಕ್ಕೆ ಹೊರಟರೆ ಇವು ಯಾವುವೂ ಇರುವುದಿಲ್ಲ, ಘಟ್ಟದಲ್ಲಿ ಮರ ಬಿದ್ದಿದೆಯೋ ಎಂಬ ಚಿಂತೆ ಬೇರೆ.

ಎಲ್ಲಿಗೆ, ಏನು ಹೇಳಿಕೊಂಡು?

ಸಾಮಾನ್ಯ ಜ್ವರಕ್ಕೆ ಮೊದಲು ಹತ್ತಿರದ ಆರೋಗ್ಯ ಕೇಂದ್ರ ಅಥವಾ ನಿಮ್ಮ ಊರಿನ ಪರಿಚಯದ ಡಾಕ್ಟರ್. ಹೊರಡಲಾಗದ ಮಳೆಯಾದರೆ ಇ-ಸಂಜೀವಿನಿಯಲ್ಲಿ ಮೊಬೈಲ್ ಮೂಲಕ ಉಚಿತವಾಗಿ ಡಾಕ್ಟರೊಡನೆ ಮಾತಾಡಬಹುದು. ಆದರೆ ಏದುಸಿರಿನ ರೋಗಿಯನ್ನು ಮೊಬೈಲಿನ ಮುಂದೆ ಕೂರಿಸಬೇಡಿ. ಅಪಾಯದ ಲಕ್ಷಣವಿದ್ದರೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬಾಡಿಗೆ ಕಾರು ಹಿಡಿದು ನೇರ ಮಣಿಪಾಲಕ್ಕೆ ಓಡುವ ಹುಮ್ಮಸ್ಸು ನಮ್ಮವರಲ್ಲಿ ಜಾಸ್ತಿ. ಕಾರಿನಲ್ಲಿ ಆಮ್ಲಜನಕ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಎಕ್ಸ್‌ರೇ ರಕ್ತ ನೋಡಿ, ಬೇಕಾದರೆ ಆಂಬುಲೆನ್ಸಿನಲ್ಲೇ ಮುಂದಕ್ಕೆ ಕಳುಹಿಸುತ್ತಾರೆ, ಅದಕ್ಕೊಂದು ಶಿಫಾರಸು ಪತ್ರವೂ ಸಿಗುತ್ತದೆ. ಆ ಪತ್ರ ಆಯುಷ್ಮಾನ್ ಯೋಜನೆಯಲ್ಲಿ ಕೆಲಸಕ್ಕೆ ಬರುತ್ತದೆ. ತುರ್ತಾದರೆ ಪತ್ರವಿಲ್ಲದೆಯೂ ನೋಂದಾಯಿತ ಆಸ್ಪತ್ರೆ ದಾಖಲಿಸಿಕೊಳ್ಳಬೇಕು.

ಬರಿಯ ನೆಗಡಿಗೆ ದೊಡ್ಡ ಆಸ್ಪತ್ರೆಗೆ ಹೋದವರು ಏನು ತರುತ್ತಾರೆ? ಒಂದು ದಿನದ ಕೂಲಿ ಹೋಗುತ್ತದೆ, ಸಾಲಿನಲ್ಲಿ ಪಕ್ಕದವರ ಸೋಂಕು ಬರುತ್ತದೆ, ಅದೇ ಪ್ಯಾರಾಸಿಟಮಾಲ್ ಸಿಗುತ್ತದೆ.

ಡಾಕ್ಟರೆದುರು ಕುಳಿತಾಗ ನಾಲ್ಕು ಸಂಗತಿ ಹೇಳಿ. ಜ್ವರ ಶುರುವಾದ ದಿನ ಮತ್ತು ಬರೆದಿಟ್ಟ ಅಳತೆಗಳು. ಕಳೆದ ಎರಡು ವಾರ ಗದ್ದೆ, ಕಾಡು, ಬೋಟು, ಪರವೂರು ಎಲ್ಲೆಲ್ಲಿ ಹೋಗಿದ್ದಿರಿ ಎಂಬುದು. ದಿನವೂ ನುಂಗುವ ಮಾತ್ರೆಗಳು. ಈಗಾಗಲೇ ತೆಗೆದುಕೊಂಡ ಔಷಧಿ. ಅಂಗಡಿಯಿಂದ ತಂದದ್ದೋ ನಾಟಿ ಮದ್ದೋ, ಬೈದಾರೆಂದು ಮುಚ್ಚಿಡಬೇಡಿ. “ನಾನು ದರಕಿಗೆ ಕಾಡಿಗೆ ಹೋಗಿದ್ದೆ” ಎಂಬ ಒಂದು ಮಾತು ಹತ್ತು ಪರೀಕ್ಷೆಯ ಖರ್ಚು ಉಳಿಸಬಲ್ಲದು.

ಮನೆಯ ಉಳಿದವರು

ಲಕ್ಷಣ ಕಾಣುವ ಹಿಂದಿನ ದಿನದಿಂದ ಸುಮಾರು ಐದಾರು ದಿನ ಫ್ಲೂ ರೋಗಿ ಸೋಂಕು ಹಂಚುತ್ತಾನೆ. ಬೇರೆ ಕೋಣೆ ಇದ್ದರೆ ಸರಿ, ಇಲ್ಲದಿದ್ದರೆ ಕಿಟಕಿ ಪಕ್ಕದ ಹಾಸಿಗೆ, ಬೇರೆ ಲೋಟ ಟವೆಲ್, ಮಾಸ್ಕ್. ಶುಶ್ರೂಷೆಗೆ ಒಬ್ಬರೇ ಇರಲಿ, ಅವರು ಬಸುರಿಯೋ ಅಜ್ಜಿಯೋ ಆಗದಿರಲಿ. ಬಸ್ಸಿನ ವಿಷಯಕ್ಕೆ ಬಂದರೆ, ಮಳೆಯಲ್ಲಿ ಶಿರಸಿ–ಕುಮಟಾ ಬಸ್ಸು ಘಟ್ಟ ಇಳಿಯುವಾಗ ಕಿಟಕಿಗಳೆಲ್ಲ ಮುಚ್ಚಿ, ಗಾಜಿಗೆ ಎಲ್ಲರ ಉಸಿರಿನ ಆವಿ ಹಿಡಿದು, ಯಾರೋ ಬೆರಳಲ್ಲಿ ಒರೆಸಿ ಹೊರಗೆ ಇಣುಕುತ್ತಿರುತ್ತಾರೆ. ಅಂಥ ಬಸ್ಸಿನಲ್ಲಿ ಕೆಮ್ಮುವವನು ಮಾಸ್ಕ್ ಹಾಕಿಕೊಳ್ಳಬೇಕು. ಹಾಕದಿದ್ದರೆ ನೀವಾದರೂ ಹಾಕಿಕೊಂಡು ಕಿಟಕಿಯನ್ನು ನಾಲ್ಕು ಬೆರಳು ತೆರೆಯಿರಿ, ತೋಳು ಒದ್ದೆಯಾದರೆ ಆಗಲಿ. ಚೌತಿಗೆ ಬರುವ ಮಗನಿಗೆ ಜ್ವರವಿದ್ದರೆ, ಎರಡು ದಿನ ತಡವಾಗಿ ಬಾ ಎನ್ನಲು ಹಿಂಜರಿಯಬೇಡಿ. ಗಣಪತಿ ಕಾಯುತ್ತಾನೆ.

ಜ್ವರ ಬಿಟ್ಟ ಮೇಲೆ

ಮಾತ್ರೆಯ ಬಲವಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಗುವನ್ನು ಶಾಲೆಗೆ ಕಳುಹಿಸಬಹುದು. ಕೆಮ್ಮು ಉಳಿಯುತ್ತದೆ, ಗಾಬರಿ ಬೇಡ. ಎರಡು ವಾರ ದಾಟಿದ ಕೆಮ್ಮು ಫ್ಲೂದೇ ಇರಬಹುದಾದರೂ, ಕ್ಷಯವಲ್ಲವೆಂದು ಖಚಿತಪಡಿಸಿಕೊಳ್ಳಲು ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ನಿಶ್ಶಕ್ತಿಗೆ ಟಾನಿಕ್ ಕೇಳಿಕೊಂಡು ಬರುವವರಿಗೆ ನಾನು ಮೀನು ಮಾರುಕಟ್ಟೆಯ ದಾರಿ ತೋರಿಸುತ್ತಿದ್ದೆ. ತಿನ್ನದವರಿಗೆ ಹೆಸರುಕಾಳು, ಹಾಲು, ಬಾಳೆಹಣ್ಣು ಇವೆ.

ಮೈಮುರಿಯುವ ಕೆಲಸದವರು ಇನ್ನೂ ಸ್ವಲ್ಪ ದಿನ ತಾಳಬೇಕು. ಅಡಿಕೆ ಕೊಯ್ಯುವ ಕೊನೆಗೌಡರಿಗೆ ಸುಗ್ಗಿಯಲ್ಲಿ ಒಂದು ದಿನವೂ ಬಿಡುವಿರುವುದಿಲ್ಲ, ತೋಟದ ಯಜಮಾನರು ಮೇಲಿಂದ ಮೇಲೆ ಫೋನ್ ಮಾಡುತ್ತಿರುತ್ತಾರೆ. ಫ್ಲೂ ಬಿಟ್ಟ ಮೊದಲ ವಾರ ತಲೆ ಸುತ್ತುವುದು ಸಹಜ, ನೆಗಡಿ ಮಾತ್ರೆಯ ಮಂಪರು ಸೇರಿದರೆ ಇನ್ನೂ ಹೆಚ್ಚು. ಅಂಗಳದಲ್ಲಿ ನಾಲ್ಕು ಸುತ್ತು ಬಿರುಸಾಗಿ ನಡೆದು ಏದುಸಿರು ಬರಲಿಲ್ಲ, ಕಣ್ಣು ಕತ್ತಲೆ ಕಟ್ಟಲಿಲ್ಲ ಎಂದಾದ ಮೇಲೆ ಮರ ಹತ್ತಲಿ, ಬೋಟು ಹತ್ತಲಿ. ಅಲ್ಲಿಯವರೆಗೆ ಅಡಿಕೆಯ ಕೊನೆ (ಗೊಂಚಲು) ಹಣ್ಣಾದರೂ ಪರವಾಗಿಲ್ಲವೆಂದು ಯಜಮಾನರೇ ಹೇಳಬೇಕು.